ಮೊಣಕಾಲಿಗೆ ಏಟಾದಾಗ ಅಲ್ಟ್ರಾಸೌಂಡಾ, ಎಂಆರ್‌ಐಯಾ?

ಎರಡನ್ನೂ ಮಾಡಿಸಿದ್ದೇನೆ. ನನ್ನ ಓಟು ಅಲ್ಟ್ರಾಸೌಂಡಿಗೇ.

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಕಬಡ್ಡಿ ಆಡುವಾಗ ಒಬ್ಬ ಹೊರಗಡೆಯಿಂದ ಕಾಲ ಮೇಲೆ ಬಿದ್ದ. ಮೊಣಕಾಲು ಒಳಗಡೆ ಬಾಗಿತು, ಒಳಬದಿಯ ಲಿಗಮೆಂಟಿಗೆ, ಅಂದರೆ ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿಗೆ, ಏಟಾಯಿತು. ಎಕ್ಸ್‌ರೇ ಮೂಳೆ ಮುರಿದಿಲ್ಲ ಎಂದಿತು. ಅದರ ಕೆಲಸ ಅಷ್ಟೇ.

ಅಲ್ಟ್ರಾಸೌಂಡಿನ ದೊಡ್ಡ ತೊಂದರೆ: ಮಾಡುವವರ ಕೈ. ಇಲ್ಲಿನ ಸ್ಕ್ಯಾನಿಂಗ್ ಸೆಂಟರ್‌ಗಳಲ್ಲಿ ಹೊಟ್ಟೆ ನೋವಿನವರು, ಬಸುರಿಯರೇ ಜಾಸ್ತಿ. ಮೊದಲು ಹೋದ ಕಡೆ ಹೊಟ್ಟೆಗೆ ಬಳಸುವ ಬಾಗಿದ ಪ್ರೋಬನ್ನೇ (ಮೈಮೇಲೆ ಇಟ್ಟು ಆಡಿಸುವ ಸಾಧನ) ಮೊಣಕಾಲಿಗೂ ಇಟ್ಟರು. 'ನೀರು ತುಂಬಿದೆ' ಎಂದಷ್ಟೇ ರಿಪೋರ್ಟು. ಲಿಗಮೆಂಟಿನ ಸುದ್ದಿಯೇ ಇಲ್ಲ! ರೊಕ್ಕ ಹೋಯಿತು, ನೋವು ಹಾಗೇ ಉಳಿಯಿತು.

ಇನ್ನೊಂದು ಕಡೆ ಚಪ್ಪಟೆ ಲೀನಿಯರ್ ಪ್ರೋಬ್ ಇತ್ತು. ಚರ್ಮಕ್ಕೆ ಹತ್ತಿರ ಇರುವುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಡಾಕ್ಟರು ಎಲ್ಲಿ ನೋವು ಅಂತ ಕೇಳಿ, ಒತ್ತಿ, ಕಾಲನ್ನು ಮೆಲ್ಲಗೆ ಹೊರಗೆ ಬಾಗಿಸುತ್ತಾ ಸ್ಕ್ರೀನ್ ನೋಡಿದರು. ಒಳಬದಿಯ ಸಂದು ತೆರೆದುಕೊಂಡಿದ್ದು ನನಗೂ ಕಂಡಿತು. ಆಮೇಲೆ ಗಟ್ಟಿ ಇರುವ ಕಾಲನ್ನೂ ನೋಡಿ ಹೋಲಿಸಿದರು. ಎಂಆರ್‌ಐಯಲ್ಲಿ ಮಲಗಿದವರ ಕಾಲನ್ನು ಹೀಗೆ ಬಾಗಿಸಿ ನೋಡುವುದಿಲ್ಲ.

ಅದಕ್ಕೇ ಹೋಗುವ ಮೊದಲು ಫೋನ್ ಮಾಡಿ. 'ಮೊಣಕಾಲಿನ ಲಿಗಮೆಂಟ್ ನೋಡ್ತೀರಾ? ಲೀನಿಯರ್ ಪ್ರೋಬ್ ಇದೆಯಾ?' ಅಂತ ಕೇಳಿ. ತಡವರಿಸಿದರೆ ಬೇರೆ ಕಡೆ ಹೋಗಿ. ಮೆಷಿನ್ ಗ್ರೌಂಡಿಗೇ ಬರಲಿ ಎಂಬ ಆಸೆ ಮಾತ್ರ ಬೇಡ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇರುವುದರಿಂದ ಅದಕ್ಕೆ ನೋಂದಣಿ ಬೇಕು, ಮನಬಂದಲ್ಲಿ ಒಯ್ಯುವಂತಿಲ್ಲ.

ಎಂಆರ್‌ಐಯ ಜಾಗ ಬೇರೆ. ಎಸಿಎಲ್ ಎಂಬ ಇನ್ನೊಂದು ಲಿಗಮೆಂಟ್ ಕೀಲಿನ ಆಳದಲ್ಲಿರುತ್ತದೆ, ಅಲ್ಟ್ರಾಸೌಂಡಿಗೆ ಸರಿಯಾಗಿ ಸಿಗುವುದಿಲ್ಲ. ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್‌ನ ಒಳಭಾಗವೂ ಅಷ್ಟೇ. ಬಿದ್ದ ಕೆಲವೇ ಗಂಟೆಗಳಲ್ಲಿ ಜೋರು ಬಾವು ಬಂದರೆ, ಮೊಣಕಾಲು ಸಿಕ್ಕಿಕೊಂಡರೆ, ನಡೆಯುವಾಗ ಜಾರಿದಂತಾದರೆ ಎಂಆರ್‌ಐ ತಪ್ಪಿಸಬೇಡಿ. ನನಗೂ ಅದೇ ಅನುಮಾನಕ್ಕೆ ಬರೆದುಕೊಟ್ಟರು. ಎಸಿಎಲ್ ಸರಿಯಿತ್ತು. ಆ ಮೆಷಿನ್ನಿನ ಸದ್ದಿನಲ್ಲಿ ಅಲ್ಲಾಡದೆ ಮಲಗುವುದು ಕಷ್ಟ, ಅಷ್ಟೇ.

ಆದರೆ ವಾಸಿಯಾಗುತ್ತಿದೆಯಾ ಅಂತ ಮತ್ತೆ ಮತ್ತೆ ನೋಡಬೇಕಲ್ವಾ? ಎಂಆರ್‌ಐಗೆ ಕೊಟ್ಟ ರೊಕ್ಕದಲ್ಲಿ ಅಲ್ಟ್ರಾಸೌಂಡ್ ಹಲವು ಸಲ ಆಗುತ್ತದೆ. ನನ್ನ ಸಂಬಳಕ್ಕೆ ಇದೇ ಸರಿ. ಪ್ರತಿ ಸಲ ಅದೇ ಡಾಕ್ಟರ ಹತ್ತಿರ ಹೋಗಿ, ಹಳೆಯ ಚಿತ್ರಗಳನ್ನೂ ಒಯ್ಯಿರಿ. ಹೋದ ಸಲಕ್ಕಿಂತ ಬಾವು ಎಷ್ಟು ಇಳಿದಿದೆ, ಎಳೆಗಳು ಎಷ್ಟು ಕೂಡಿವೆ ಅಂತ ಅವರು ಅಲ್ಲೇ ತೋರಿಸುತ್ತಾರೆ.