ಮಂಡಕಳ್ಳಿಯಿಂದ ಲಂಡನ್‌ಗೆ ನೇರ ವಿಮಾನ ಬಿಟ್ಟ ಆ್ಯಪ್

ಮಗಳನ್ನು ನೋಡಲು ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹೈದರಾಬಾದಿಗೆ ಹೊರಟಿದ್ದೆ. ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರವನ್ನೂ ಹಾರಾಟದ ಸಮಯವನ್ನೂ ಹೇಳುವ ಉಚಿತ ಆ್ಯಪ್ ಒಂದನ್ನು ಪಕ್ಕದ ಮನೆಯ ಹುಡುಗ ನನ್ನ ಮೊಬೈಲಿಗೆ ಹಾಕಿಕೊಟ್ಟ. ನಮ್ಮ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿ 2014ರಲ್ಲೇ ಬದಲಾಗಿದೆ. ಆ್ಯಪಿಗೆ ಮಾತ್ರ ಇನ್ನೂ ‘ಮೈಸೋರ್’ ಎಂದರೇ ಗೊತ್ತು.

ಉತ್ತರ ಬಂತು: 587 ಕಿ.ಮೀ., 1 ಗಂಟೆ 14 ನಿಮಿಷ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ತಾಳೆ ನೋಡದೆ ಬಿಟ್ಟರೆ ನಿದ್ದೆ ಬರುವುದಿಲ್ಲ. ಹಳೆಯ ಅಟ್ಲಾಸ್ ತೆಗೆದೆ. ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಷಾಬಾದ್ ನಮಗಿಂತ ಐದು ಡಿಗ್ರಿ ಉತ್ತರಕ್ಕಿದೆ. ಡಿಗ್ರಿಗೆ 111 ಕಿ.ಮೀ. ಎಂದರೆ 555. ಪೂರ್ವಕ್ಕೆ ಎರಡು ಡಿಗ್ರಿಗೆ ತುಸು ಕಡಿಮೆ, ಅಂದರೆ ಸುಮಾರು 190. ಪೈಥಾಗೊರಸ್‌ನ ಲೆಕ್ಕದಲ್ಲಿ ಕರ್ಣ 587ಕ್ಕೇ ಬಂದು ನಿಂತಿತು! ಭೂಮಿ ದುಂಡಗಿದ್ದರೂ ಇಷ್ಟು ಹತ್ತಿರದ ಊರುಗಳಿಗೆ ಲಂಬಕೋನ ತ್ರಿಭುಜವೇ ಸಾಕು. ದೂರಕ್ಕೆ ಪೂರ್ಣ ಅಂಕ ಕೊಟ್ಟೆ.

ಎಡವಟ್ಟಾದದ್ದು ಸಮಯದಲ್ಲಿ. ಆ್ಯಪನ್ನು ನಂಬಿ ಮಗಳಿಗೆ ಫೋನಿನಲ್ಲಿ ಇಳಿಯುವ ಹೊತ್ತು ಹೇಳಿಬಿಟ್ಟೆ. ಟಿಕೆಟ್ಟಿನಲ್ಲಿದ್ದದ್ದು 1 ಗಂಟೆ 50 ನಿಮಿಷ. ಪಾಪ, ಮಿಯಾಪುರದಿಂದ ಅಷ್ಟು ದೂರ ಬಂದವಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮುಕ್ಕಾಲು ಗಂಟೆ ಕಾದಳು. ನಾನು ಮೈಸೂರು ಪಾಕಿನ ಡಬ್ಬ ಹಿಡಿದು ನಗುತ್ತಾ ಹೊರಬಂದರೆ, ‘ಅಮ್ಮಾ, ನಿನ್ನ ಲೆಕ್ಕ ಯಾವಾಗಿನಿಂದ ತಪ್ಪತೊಡಗಿತು?’ ಎಂದಳು. ಸಿಹಿ ಡಬ್ಬ ಕೈಯಲ್ಲಿದ್ದರೂ ಮುಖ ಹುಳ್ಳಗಾಯಿತು.

ತಪ್ಪು ಎಲ್ಲಾಯಿತೆಂದು ವಾಪಸು ಬಂದ ಮೇಲೆ ಹುಡುಕಿದೆ. 587ನ್ನು 800ರಿಂದ ಭಾಗಿಸಿ, ಏರಲು ಇಳಿಯಲು ಎಂದು ಅರ್ಧ ಗಂಟೆ ಸೇರಿಸಿದರೆ ಸರಿಯಾಗಿ 1 ಗಂಟೆ 14 ನಿಮಿಷ. ಎಲ್ಲ ಊರಿಗೂ ಒಂದೇ ವೇಗ, ಜೆಟ್ ವಿಮಾನದ್ದು. ನಮ್ಮ ಮಂಡಕಳ್ಳಿಗೆ ಬರುವುದು ರೆಕ್ಕೆಗೊಂದರಂತೆ ಪಂಖ ತಿರುಗುವ ಎಟಿಆರ್ 72. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. 500ರಿಂದ ಭಾಗಿಸಿ, ಅದೇ ಅರ್ಧ ಗಂಟೆ ಸೇರಿಸಿ ನೋಡಿ, 1 ಗಂಟೆ 40 ನಿಮಿಷ ಬರುತ್ತದೆ. ಯಾವ ವಿಮಾನ ಎಂದು ಒಂದು ಪ್ರಶ್ನೆ ಕೇಳಿದ್ದರೆ ಆ್ಯಪಿನ ಗಂಟೇನು ಹೋಗುತ್ತಿತ್ತು?

ಅದಕ್ಕೆ ಕೇಳುವ ಅಭ್ಯಾಸವೇ ಇಲ್ಲ. ತಮಾಷೆಗೆ ಮೈಸೂರು–ಲಂಡನ್ ಎಂದು ಕೊಟ್ಟೆ. ಎಂಟು ಸಾವಿರ ಚಿಲ್ಲರೆ ಕಿ.ಮೀ., ಹತ್ತು ಗಂಟೆ ಚಿಲ್ಲರೆ ಎಂದು ಕ್ಷಣದಲ್ಲಿ ಹೇಳಿತು. ಇಲ್ಲಿನ ರನ್‌ವೇ 1,740 ಮೀಟರ್. ಲಂಡನ್ನಿನವರೆಗಿನ ಇಂಧನ ತುಂಬಿಕೊಂಡ ದೊಡ್ಡ ವಿಮಾನ ಅಷ್ಟರಲ್ಲಿ ಮೇಲೇಳುವುದುಂಟೇ? ನಂಜನಗೂಡಿನ ಕಡೆ ಉರುಳಿಕೊಂಡು ಹೋಗಬೇಕಷ್ಟೆ.

ಜಾಹೀರಾತಿನ ಕಾಟವಿಲ್ಲ, ಅಕ್ಷರ ದೊಡ್ಡದಿದೆ. ಐದಕ್ಕೆ ಎರಡೂವರೆ. ಅಳಿಸಿ ಹಾಕಿಲ್ಲ, ಅಟ್ಲಾಸಿನೊಂದಿಗೆ ತಾಳೆ ನೋಡಲು ಇನ್ನೂ ಊರುಗಳಿವೆ.