ಟ್ಯೂನ್ ಹಾಕಲು ಥಿಯರಿ ಬೇಕಾ? ಒಂದು ಆನ್‌ಲೈನ್ ಕೋರ್ಸ್ ಮುಗಿಸಿದ ಮೇಲೆ

ಐದು ವರ್ಷದಿಂದ ಥಿಯರಿ ಗೊತ್ತಿಲ್ಲದೆಯೇ ಕೀಬೋರ್ಡ್‌ನಲ್ಲಿ ಟ್ಯೂನ್ ಹಾಕುತ್ತಿದ್ದೇನೆ. ಪಲ್ಲವಿ ಚೆನ್ನಾಗೇ ಬರುತ್ತಿತ್ತು, ಚರಣಕ್ಕೆ ಹೋದ ಕೂಡಲೇ ಎಲ್ಲವೂ ಒಂದೇ ಥರ ಕೇಳಿಸುತ್ತಿತ್ತು, ಅದಕ್ಕೇ ಈ ಮ್ಯೂಸಿಕ್ ಥಿಯರಿ ಕೋರ್ಸ್ ತಗೊಂಡೆ.

ಮೂರನೇ ಪಾಠದಲ್ಲೇ ಕಾರಣ ಸಿಕ್ಕಿತು. ನಾನು ಸಿ, ಎಫ್, ಜಿ ಈ ಮೂರೇ ಮೇಜರ್ ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳಲ್ಲಿ) ಸುತ್ತುತ್ತಿದ್ದೆ. ಸಿ ಮೇಜರ್ ಅನ್ನುವ ಸ್ವರಶ್ರೇಣಿಯ ಅದೇ 7 ಸ್ವರಗಳಲ್ಲಿ ಎ ಮೈನರ್ ಅನ್ನುವ ಇನ್ನೊಂದು ಶ್ರೇಣಿಯೂ ಇದೆ, ಚರಣವನ್ನು ಅಲ್ಲಿಂದ ಶುರು ಮಾಡಿದರೆ ಒಂದು ಸ್ವರವೂ ಬದಲಾಗದೆ ಭಾವವೇ ಬೇರೆಯಾಗುತ್ತದೆ ಅಂತ ಗೊತ್ತಾದ ರಾತ್ರಿಯೇ ಕೂತು ಹಳೆಯ ಎರಡು ಟ್ಯೂನ್ ಸರಿಮಾಡಿದೆ. ಎಷ್ಟು ಖುಷಿಯಾಯಿತು ಗೊತ್ತಾ!

ಆದರೆ ಥಿಯರಿ ಇಲ್ಲದೆ ಸಂಗೀತ ಸಂಯೋಜನೆ ಆಗುವುದೇ ಇಲ್ಲ ಅನ್ನುವ ಈ ಕೋರ್ಸಿನವರ ಮಾತನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಹೆಸರಾಂತ ಹಾಡು ಸಂಯೋಜಕ ಇರ್ವಿಂಗ್ ಬರ್ಲಿನ್‌ಗೆ ನೊಟೇಶನ್ (ಬರೆದಿಟ್ಟ ಸ್ವರಲಿಪಿ) ಓದಲು ಬರುತ್ತಿರಲಿಲ್ಲ, ಪಿಯಾನೋದಲ್ಲಿ ಹೆಚ್ಚಾಗಿ ಕಪ್ಪು ಕೀಗಳನ್ನೇ ನುಡಿಸುತ್ತಾ ನೂರಾರು ಹಾಡು ಮಾಡಿದರು. ಕಿವಿ ಮೊದಲು, ಅಲ್ವಾ?

ಕೋರ್ಸಿನ ದೊಡ್ಡ ಕೊರತೆಯೂ ಅದೇ. ನೊಟೇಶನ್ ಬರೆಯುವ ಅಭ್ಯಾಸ ಜಾಸ್ತಿ, ಕೇಳಿ ಗುರುತಿಸುವುದಕ್ಕೆ ಎರಡೇ ಪಾಠ. ಈಗಾಗಲೇ ಸ್ವಲ್ಪ ನುಡಿಸುತ್ತಿರುವವರು ಧೈರ್ಯವಾಗಿ ತಗೊಳ್ಳಿ. ಹೊಸಬರಾದರೆ ಮೊದಲು ಇಷ್ಟದ ಹತ್ತು ಹಾಡನ್ನು ಕೇಳಿಕೊಂಡೇ ನುಡಿಸಲು ಕಲಿಯಿರಿ, ಆಮೇಲೆ ಇದಕ್ಕೆ ಬನ್ನಿ.