ದಕ್ಕೆ ಪಕ್ಕದ ಸಾಮಾನು ಸಮೇತದ ಮನೆಯೋ, ದ್ವೀಪದ ಒಳಗಿನ ಖಾಲಿ ಮನೆಯೋ

ಫೆರ್ರಿಯೊಂದೇ ಗತಿಯಾಗಿರುವ ಸಣ್ಣ ದ್ವೀಪದಲ್ಲಿ ಬಾಡಿಗೆಗೆ ಸಿಗುವ ಮನೆಗಳು ಹೆಚ್ಚಾಗಿ ಎರಡು ಬಗೆ. ಒಂದು, ದಕ್ಕೆಗೆ, ಅಂದರೆ ಫೆರ್ರಿ ಬಂದು ನಿಲ್ಲುವ ಕಟ್ಟೆಗೆ, ನಡೆದೇ ಹೋಗಬಹುದಾದ ಚಿಕ್ಕ ಮನೆ. ಮಂಚ, ಫ್ರಿಜ್ಜು, ಒಲೆ ಎಲ್ಲ ಒಳಗೇ ಇರುತ್ತವೆ. ಇನ್ನೊಂದು ಮೂರ್ನಾಲ್ಕು ಕಿಲೋಮೀಟರ್ ಒಳಗೆ. ಕೋಣೆ ಜಾಸ್ತಿ, ಬಾಡಿಗೆ ಕಡಿಮೆ, ಒಳಗೆ ಬರೀ ಗೋಡೆ. ಎರಡನ್ನೂ ಬಳಸಿ ನೋಡಿದ ಮೇಲೆ ನನ್ನ ಮತ ದಕ್ಕೆ ಪಕ್ಕದ್ದಕ್ಕೇ. ಬಾಡಿಗೆ ಒಂದೂವರೆ ಪಟ್ಟಾದರೂ ಸರಿ.

ಹಾಗೆ ಹೇಳಿಸುವುದು ಸಾಮಾನಿನ ಲಾರಿ. ಫೆರ್ರಿಯಲ್ಲಿ ವಾಹನದ ದರ ಸಾಮಾನ್ಯವಾಗಿ ಉದ್ದದ ಮೇಲೆ. ಆ ಉದ್ದ ಅಂದರೆ ಮೂತಿಯಿಂದ ಬಾಲದವರೆಗೆ: ಹಿಂದೆ ಚಾಚಿದ ಏಣಿ, ಕೊಕ್ಕೆ, ಸಾಮಾನು ಎತ್ತುವ ಹಲಗೆ ಎಲ್ಲ ಸೇರಿ. ಸಾಮಾನಿಳಿಸಿ ಖಾಲಿಯಾಗಿ ಮರಳುವ ಲಾರಿಗೂ ಅಷ್ಟೇ ದರ, ಏಕೆಂದರೆ ಉದ್ದ ಕಡಿಮೆಯಾಗಿಲ್ಲವಲ್ಲ. ದ್ವೀಪ ಬಿಡುವ ದಿನ ಇದೇ ಖರ್ಚು ಇನ್ನೊಮ್ಮೆ. ಲಾರಿ ಬಾಡಿಗೆ, ಹೋಗಿಬರುವ ಫೆರ್ರಿ ದರ, ಎತ್ತಿಳಿಸುವ ಕೂಲಿ ಮೂರನ್ನೂ ಕೂಡಿಸಿ, ಎರಡರಿಂದ ಗುಣಿಸಿ, ಎಷ್ಟು ತಿಂಗಳು ಇರುತ್ತೀರೋ ಅಷ್ಟರಿಂದ ಭಾಗಿಸಿ. ಬಂದದ್ದನ್ನು ಖಾಲಿ ಮನೆಯ ತಿಂಗಳ ಬಾಡಿಗೆಗೆ ಸೇರಿಸಿದರೆ ಅದರ ನಿಜವಾದ ಬಾಡಿಗೆ ಸಿಗುತ್ತದೆ. ಇರುವುದು ಒಂದೆರಡು ವರ್ಷವಾದರೆ ಅಗ್ಗದ ಮನೆ ಅಗ್ಗವಾಗಿ ಉಳಿಯುವುದು ಕಷ್ಟ.

ದುಡ್ಡಿಗಿಂತ ಹೆಚ್ಚು ಕಾಡುವುದು ದಕ್ಕೆಗೂ ಫೆರ್ರಿಗೂ ನಡುವೆ ಹಾಸುವ ಹಲಗೆ, ಅಂದರೆ ರ‍್ಯಾಂಪ್. ನೀರಿಳಿದಾಗ ಫೆರ್ರಿಯ ಡೆಕ್ ದಕ್ಕೆಗಿಂತ ತಗ್ಗಿಗೆ ಹೋಗಿ, ರ‍್ಯಾಂಪ್ ಕಡಿದಾದ ಏರಾಗುತ್ತದೆ. ಲಾರಿಯ ಮುಂದಿನ ಚಕ್ರ ಆ ಏರನ್ನು ಹತ್ತುತ್ತಿದ್ದಂತೆ ಹಿಂದಿನ ಚಕ್ರದಾಚೆಗೆ ಚಾಚಿದ ಬಾಲ ಕೆಳಗಿಳಿದು ಡೆಕ್ಕನ್ನು ಕೆರೆಯುತ್ತದೆ. ಮೇಲೆ ತಲುಪಿದರೆ ಅಂಚಿಗೆ ಹೊಟ್ಟೆ ತಾಗುತ್ತದೆ. ಬಾಲ ಉದ್ದವಿದ್ದಷ್ಟೂ, ಹೊಟ್ಟೆ ತಗ್ಗಿದ್ದಷ್ಟೂ ಅಪಾಯ. ಸಿಬ್ಬಂದಿ ಇಂಥ ಲಾರಿಯನ್ನು ಹತ್ತಿಸದೆ ನೀರೇರುವವರೆಗೆ ಕಾಯಿಸುವುದುಂಟು.

ದಿನ ಗೊತ್ತುಮಾಡುವಾಗ ಪಂಚಾಂಗ ನೋಡುವುದು ಇದಕ್ಕೇ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಆಮೇಲಿನ ಒಂದೆರಡು ದಿನ ಉಬ್ಬರ-ಇಳಿತದ ಅಂತರ ಜಾಸ್ತಿ; ಅಷ್ಟಮಿ ಕಳೆದ ಆಸುಪಾಸಿನಲ್ಲಿ ಕಡಿಮೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ದಿನಕ್ಕೆರಡು ಉಬ್ಬರ ಬರುವ ಕಡಲಲ್ಲಿ, ಇವತ್ತು 9 ಗಂಟೆಯ ಫೆರ್ರಿಗೆ ತುಂಬಿದ ನೀರಿದ್ದರೆ ಮುಂದಿನ ವಾರ ಅದೇ ಫೆರ್ರಿಗೆ ಇಳಿದ ನೀರು. ಮನೆ ನೋಡಲು ಹೋದ ದಿನ ರ‍್ಯಾಂಪ್ ಸಮತಟ್ಟಾಗಿತ್ತು ಎಂದು ನೆಚ್ಚಿಕೊಂಡು ಮುಂದಿನ ವಾರಕ್ಕೆ ಲಾರಿ ಹೇಳುವವರು ಸಿಕ್ಕಿಬೀಳುವುದು ಇಲ್ಲೇ.

ಇದರ ಮೇಲೆ ಕೊನೆಯ ಫೆರ್ರಿಯ ಗಡುವು. ಅದು ತಪ್ಪಿದರೆ ಲಾರಿಯೂ ಚಾಲಕನೂ ರಾತ್ರಿ ದ್ವೀಪದಲ್ಲೇ. ಒಂದು ದಿನದ ಬಾಡಿಗೆ ಹೆಚ್ಚು. ಒಳಗಿನ ಮನೆಯ ಓಣಿಗೆ ಲಾರಿ ನುಗ್ಗದಿದ್ದರೆ ಅರ್ಧ ದಾರಿಯಲ್ಲಿ ಸಣ್ಣ ಗಾಡಿಗೆ ಬದಲಿಸಬೇಕು, ಇಳಿಸುವ ಹೊತ್ತು ಎರಡು ಪಟ್ಟಾಗುತ್ತದೆ. ಓಣಿಯ ಅತಿ ಕಿರಿದಾದ ಜಾಗ, ತಿರುವು, ತಗ್ಗಾಗಿ ಬಾಗಿದ ಕೊಂಬೆ ಮೂರನ್ನೂ ಟೇಪು ಹಿಡಿದು ಅಳೆಯಿರಿ. ಬೆಳಗಿನ ಮೊದಲ ಫೆರ್ರಿಯನ್ನೇ ಹಿಡಿಯಿರಿ. ಗ್ಯಾಸ್ ಸಿಲಿಂಡರ್, ಪೆಟ್ರೋಲ್ ಕ್ಯಾನ್ ಪ್ರಯಾಣಿಕರ ಫೆರ್ರಿಗೆ ಬಹುಪಾಲು ಸಲ್ಲುವುದಿಲ್ಲ. ಫ್ರಿಜ್ಜನ್ನು ಮಲಗಿಸಿ ತಂದರೆ ಎಷ್ಟು ಹೊತ್ತು ಮಲಗಿತ್ತೋ ಕನಿಷ್ಠ ಅಷ್ಟು ಹೊತ್ತು ನಿಲ್ಲಿಸಿಟ್ಟು ಆಮೇಲೆ ಪ್ಲಗ್ ಹಾಕಿ. ತೆರೆದ ಡೆಕ್ಕಾದರೆ ಹಾಸಿಗೆಗೆ ಪ್ಲಾಸ್ಟಿಕ್ ಸುತ್ತಿ, ಪ್ಲಾಸ್ಟಿಕ್ಕಿನ ಅಂಚು ಕೂಡುವಲ್ಲಿ ಟೇಪು ಅಂಟಿಸಿ. ಉಪ್ಪುನೀರು ಇಳಿದ ಹತ್ತಿ ಪೂರ್ತಿ ಒಣಗುವುದೇ ಇಲ್ಲ.

ಸಾಮಾನು ಸಮೇತದ ಮನೆಗೆ ಇದ್ಯಾವುದೂ ಬೇಡ. ಎರಡು ಸೂಟ್‌ಕೇಸ್, ಕಾಲ್ನಡಿಗೆಯ ಟಿಕೆಟ್, ಮುಗಿಯಿತು. ವಾಹನದ ಡೆಕ್ ತುಂಬಿದ ದಿನವೂ ನಡೆದು ಹತ್ತುವವರಿಗೆ ಹೆಚ್ಚಾಗಿ ಜಾಗವಿರುತ್ತದೆ.

ಅದರ ದೊಡ್ಡ ಮೋಸ ಬೇರೆ ಕಡೆ ಇದೆ. ಪ್ರವಾಸಿಗರಿಲ್ಲದ ತಿಂಗಳಲ್ಲಿ ಕಡಿಮೆ ಬಾಡಿಗೆಗೆ ಕೊಟ್ಟು, ಸೀಸನ್ ಬಂದ ಕೂಡಲೇ ಬಿಡಿಸುವುದು. ದಕ್ಕೆ ಪಕ್ಕದ ಮನೆ ಅನುಮಾನ ಬರುವಷ್ಟು ಅಗ್ಗವಾಗಿದ್ದರೆ ಮೊದಲು ಕೇಳಬೇಕಾದ್ದು ಇದನ್ನೇ. ಕರಾರಿನಲ್ಲಿ ಆರಂಭದ ದಿನ, ಮುಗಿಯುವ ದಿನ, 12 ತಿಂಗಳು, ಮಧ್ಯೆ ತೆರವಿಲ್ಲ ಎಂದು ಬರೆಸಿಕೊಳ್ಳಿ, ಬಾಯಿಮಾತು ಸಾಲದು. ಮೊದಲ ದಿನವೇ ಪ್ರತಿ ಸಾಮಾನಿನ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ. ಯಾವುದು ಕೆಟ್ಟರೂ ಬದಲಿ ಬರುವುದು ಫೆರ್ರಿಯಲ್ಲೇ, ಸಾಗಣೆ ಯಾರ ತಲೆಗೆ ಎಂಬುದೂ ಕರಾರಿನಲ್ಲಿರಲಿ.

ಎರಡನೆಯ ತೊಂದರೆ ಉಪ್ಪುಗಾಳಿ. ಸ್ವಿಚ್ ಹಲಗೆಯ ತಿರುಪಿನ ಸುತ್ತ ಕಂದು ಬಳೆ, ಅಲಮಾರಿಯ ಕೀಲಿನ ಮೇಲೆ ಬಿಳಿ ಪುಡಿ, ಕಿಟಕಿ ಪಕ್ಕದ ಗೋಡೆಗೆ ಬೆರಳು ಒತ್ತಿದರೆ ಅಂಟು. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿತೆಂದರೆ ಗೋಡೆಗೆ ಕೂತ ಉಪ್ಪು ತಾನೇ ನೀರೆಳೆದುಕೊಂಡು ಕರಗುತ್ತದೆ. ಮಳೆಯಿಲ್ಲದ ಸಂಜೆಯೂ ಗೋಡೆ ಬೆವರುವುದು ಅದರಿಂದ. ಕೀಲಿಗೆ ಬರೀ ಎಣ್ಣೆ ಬಿಟ್ಟರೆ ಉಪ್ಪು ಅಡಿಯಲ್ಲೇ ಉಳಿದು ತಿನ್ನುತ್ತದೆ. ಸಿಹಿನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಎಣ್ಣೆ, ತಿಂಗಳಿಗೊಮ್ಮೆ. ಇಷ್ಟು ಚಾಕರಿ ನನಗೆ ಒಪ್ಪಿಗೆ.

ಫೆರ್ರಿಯ ಸದ್ದು? ಮಲಗುವ ಕೋಣೆ ಹಿಂಬದಿಗಿದ್ದರೆ ತೊಂದರೆಯಿಲ್ಲ.

ನೀರಿನ ವಿಷಯದಲ್ಲಿ ಒಳಗಿನ ಮನೆಗೆ ಲೆಕ್ಕ ಬೇಕು. ಮಳೆತೊಟ್ಟಿಯಾದರೆ, ಒಂದು ಚದರ ಮೀಟರ್ ಸೂರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 60 ಚದರ ಮೀಟರ್ ಸೂರು, 20 ಮಿಲಿಮೀಟರ್ ಮಳೆ: 1,200 ಲೀಟರ್, ಮೊದಲ ಕೊಳೆನೀರು ಬಿಡುವ ಮುಂಚೆ. ಇಬ್ಬರು ತಲಾ 100 ಲೀಟರ್ ಬಳಸಿದರೆ ಆರು ದಿನಕ್ಕೂ ಸಾಲದು. ಬಾವಿಯಾದರೆ ಬೇಸಗೆಯ ಕೊನೆಯಲ್ಲಿ ರುಚಿ ನೋಡಿ. ದ್ವೀಪದ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಮೇಲಿನ ಮಟ್ಟ ಒಂದು ಮೀಟರ್ ಇಳಿದರೆ ಕೆಳಗಿನ ಉಪ್ಪು ಕಾಲಕ್ರಮೇಣ ಸುಮಾರು 40 ಮೀಟರ್ ಮೇಲೇರುತ್ತದೆ. ಪಂಪು ಒಂದೇ ಸಮ ಓಡಿಸಿದ ಬಾವಿ ಕೆಡುವುದು ಹಾಗೆ.

ವಾರಕ್ಕೆರಡು ಸಲ ಆಚೆ ದಡಕ್ಕೆ ಹೋಗಬೇಕಾದ, ಕಾರಿಲ್ಲದ, ಒಂದೇ ಸಂಬಳದ ನನ್ನಂಥವರಿಗೆ ದಕ್ಕೆ ಪಕ್ಕದ್ದೇ ಸರಿ. ಸ್ವಂತ ಗಾಡಿ, ಮಕ್ಕಳು, ಮಗ್ಗವೋ ಬಡಗಿ ಬೆಂಚೋ ಇದ್ದು, ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ನೆಲೆಸುವವರು ಒಳಗಿನ ಮನೆಯನ್ನೇ ಹಿಡಿಯಲಿ. ಆಗ ಲಾರಿಯ ಖರ್ಚು 60 ತಿಂಗಳಿಗೆ ಹಂಚಿ ಹೋಗುತ್ತದೆ. ಯಾವುದಾದರೂ ಸರಿ, ಮುಂಗಡ ಕೊಡುವ ಮುಂಚೆ ಗಾಳಿಯಿರುವ ಒಂದು ದಿನ ಹೋಗಿ, ಸಂಜೆಯ ಕೊನೆಯ ಫೆರ್ರಿಯ ಹೊತ್ತಿಗೆ ಆ ಮನೆಯಿಂದ ದಕ್ಕೆಗೆ ನಡೆದು ನೋಡಿ. ಕೈಯಲ್ಲಿ ಎರಡು ಚೀಲ ಭಾರವಿರಲಿ.